ಬರಹ ಒಂದೇ, ಭಾಷೆ ಬೇರೆ: ಅರಬ್ಬಿ–ಫಾರಸಿ ಪದಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಅರಬ್ಬಿ ಕಲಿಯುತ್ತಿದ್ದೇನೆ. ಮೀಮ್, ನೂನ್ ಎರಡಕ್ಷರ ಕೂಡಿಸಿ ಬರೆದರೆ ‘ಮಿನ್’, ಅಂದರೆ ‘ಇಂದ’ ಎಂದು ಹೇಳಿಕೊಟ್ಟಿದ್ದಾರೆ. ಇರಾನಿ ಹಾಡೊಂದರ ಸಾಹಿತ್ಯದಲ್ಲಿ ಅದೇ ಬರಹ ಸಾಲುಸಾಲಿಗೂ ಬರುತ್ತದೆ, ಅಲ್ಲಿ ‘ನಾನು’ ಎಂಬ ಅರ್ಥವಂತೆ. ಕುರ್ದಿಯಲ್ಲೂ ಇದೆಯಂತೆ. ಒಂದು ಪದಕ್ಕೆ ಇಷ್ಟು ಅರ್ಥ ಹೇಗೆ ಬಂತು? (ಕಲಬುರಗಿಯ ಓದುಗರು)

ಉತ್ತರ: ಅಲ್ಲಿ ಪದಗಳು ಐದಾರಿವೆ, ಬರಹ ಮಾತ್ರ ಒಂದು. ಅರಬ್ಬಿ ಲಿಪಿಯ ದಿನಬಳಕೆಯ ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಹಾಕುವುದಿಲ್ಲ. ಕುರಾನಿನಲ್ಲಿ, ಮಕ್ಕಳ ಪಠ್ಯದಲ್ಲಿ ಜೇರ್, ಜಬರ್, ಪೇಶ್ ಗುರುತುಗಳಿರುತ್ತವೆ. ಪತ್ರಿಕೆ, ಅಂಗಡಿ ಫಲಕ, ಹಾಡಿನ ಸಾಹಿತ್ಯದಲ್ಲಿ ಇರುವುದಿಲ್ಲ. ಆದ್ದರಿಂದ ಮೀಮ್–ನೂನ್ ನಮಗೆ ಕೊಡುವುದು ಎರಡು ವ್ಯಂಜನಗಳನ್ನಷ್ಟೇ. ನಡುವಿನ ಸ್ವರವನ್ನು ಓದುವವರು ತಮ್ಮ ಭಾಷೆಯಿಂದ ತುಂಬಿಕೊಳ್ಳಬೇಕು. ಅರಬ್ಬಿಯಲ್ಲಿ ‘ಮಿನ್’ ಎಂದು ಓದಿದರೆ ‘ಇಂದ’, ‘ಮನ್’ ಎಂದರೆ ‘ಯಾರು’, ನೂನನ್ನು ಒತ್ತಿ ‘ಮನ್ನ್’ ಎಂದರೆ ‘ಉಪಕಾರ’. ಫಾರಸಿಯಲ್ಲಿ ‘ಮನ್’ ಎಂದರೆ ‘ನಾನು’. ಇರಾಕಿನ ಸುಲೈಮಾನಿಯಾದ ಕುರ್ದಿಗಳು ಥೇಟ್ ಅರಬ್ಬಿಯವರ ಹಾಗೆಯೇ ‘ಮಿನ್’ ಎನ್ನುತ್ತಾರೆ, ಅರ್ಥ ಮಾತ್ರ ಫಾರಸಿಯದು: ‘ನಾನು’.

ನಮ್ಮಲ್ಲೇ ನೋಡಿ. ಕನ್ನಡ ಅಕ್ಷರದಲ್ಲಿ ‘ಈ’ ಎಂದು ಬರೆದದ್ದನ್ನು ಕನ್ನಡಿಗರು ‘ಈ ಮನೆ’ಯ ‘ಈ’ ಎಂದು ಓದುತ್ತಾರೆ. ತುಳುವರಿಗೆ ಅದೇ ‘ನೀನು’. ಲಿಪಿ ಹಂಚಿಕೊಂಡ ಭಾಷೆಗಳಲ್ಲಿ ಇಂಥದ್ದು ಆಗಿಯೇ ಆಗುತ್ತದೆ.

ಆದರೆ ಕನ್ನಡ–ತುಳು ಒಂದೇ ಕುಟುಂಬದವು, ಅರಬ್ಬಿ–ಫಾರಸಿ ಹಾಗಲ್ಲ. ಅರಬ್ಬಿ ಹೀಬ್ರೂ ಇರುವ ಸೆಮಿಟಿಕ್ ಗುಂಪಿಗೆ ಸೇರಿದ್ದು. ಫಾರಸಿ, ಕುರ್ದಿ, ಪಶ್ತೊ, ಬಲೂಚಿ ಇವೆಲ್ಲ ಇರಾನಿ ಗುಂಪಿನವು, ಸಂಸ್ಕೃತದ ದಾಯಾದಿಗಳು. ಹಳೆಯ ಫಾರಸಿಯಲ್ಲಿ ‘ನಾನು’ ಎನ್ನಲು ‘ಅದಂ’ ಎಂಬ ರೂಪವಿತ್ತು. ಕ್ರಿ.ಪೂ. 520ರ ಸುಮಾರಿನ ಬೆಹಿಸ್ತೂನ್ ಬಂಡೆ ಶಾಸನದಲ್ಲಿ ದೊರೆ ದಾರಯವಉಷ್ (ಡೇರಿಯಸ್) ತನ್ನನ್ನು ‘ಅದಂ’ ಎಂದೇ ಕರೆದುಕೊಳ್ಳುತ್ತಾನೆ. ‘ನನ್ನ’ ಎನ್ನಲು ‘ಮನಾ’. ಸಂಸ್ಕೃತದ ‘ಅಹಂ’, ‘ಮಮ’ ಪಕ್ಕದಲ್ಲಿಟ್ಟರೆ ನಂಟು ತಾನಾಗಿ ಕಾಣುತ್ತದೆ. ಮುಂದೆ ಫಾರಸಿಯಲ್ಲಿ ‘ಅದಂ’ ಬಿದ್ದುಹೋಗಿ ‘ಮನಾ’ದಿಂದ ಬಂದ ‘ಮನ್’ ಎರಡೂ ಕೆಲಸ ವಹಿಸಿಕೊಂಡಿತು. ಕುರ್ದಿಯ ಕುರ್ಮಾಂಜಿ ಉಪಭಾಷೆಯಲ್ಲಿ ಮಾತ್ರ ‘ನಾನು’ ಎನ್ನಲು ‘ಎಜ್’, ‘ನನ್ನ, ನನ್ನನ್ನು’ ಎನ್ನಲು ‘ಮಿನ್’ ಎಂಬ ಹಳೆಯ ಭೇದ ಇಂದಿಗೂ ಉಳಿದಿದೆ. ಅಂದರೆ ಫಾರಸಿಯ ‘ಮನ್’, ಕುರ್ದಿಯ ‘ಮಿನ್’ ಒಡಹುಟ್ಟಿದವು. ಅರಬ್ಬಿಯ ‘ಮಿನ್’ ಜತೆ ಅವುಗಳಿಗೆ ಯಾವ ಸಂಬಂಧವೂ ಇಲ್ಲ.

ಓದುವಾಗ ಹೀಗೆ ಪರೀಕ್ಷಿಸಿ. ಮೀಮ್–ನೂನ್ ಆದ ಕೂಡಲೇ ಬರುವ ಪದ ಅಲಿಫ್–ಲಾಮ್‌ನಿಂದ ಶುರುವಾದರೆ ಅದು ‘ಮಿನ್ ಅಲ್…’ (‘ಅಲ್’ ಇಂಗ್ಲಿಷಿನ ‘the’ ಇದ್ದಂತೆ), ಅರಬ್ಬಿ. ನಾಮಪದದ ಹಿಂದೆ ಬಾಲದಂತೆ ನಿಂತಿದ್ದರೆ ಫಾರಸಿ: ‘ಕೆತಾಬೆ ಮನ್’, ನನ್ನ ಪುಸ್ತಕ. ಈ ಎರಡು ಪದ ಜೋಡಿಸುವ ‘ಎ’ಕಾರವೂ ಬರಹದಲ್ಲಿ ಕಾಣುವುದಿಲ್ಲ, ಬಾಯಲ್ಲಷ್ಟೇ ಇರುತ್ತದೆ. ವಾಕ್ಯದ ಮೊದಲಲ್ಲಿ ಬಂದು, ಕೊನೆಯ ಕ್ರಿಯಾಪದ ಮೀಮ್‌ನಲ್ಲಿ ಮುಗಿದರೂ ಫಾರಸಿಯೇ: ‘ಮನ್ ರಫ್ತಮ್’, ನಾನು ಹೋದೆ.

ಇದೇ ಬರಹಕ್ಕೆ ಇನ್ನೊಂದು ಅರ್ಥವಿದೆ, ದಖ್ಖನಿನ ಹಳೆಯ ಕಾಗದ ಓದುವವರಿಗೆ ಬೇಕಾದದ್ದು: ತೂಕದ ಮಣ. ಫಾರಸಿ ಲೆಕ್ಕಪತ್ರದಲ್ಲಿ ಅಂಕಿಯ ಪಕ್ಕ ಮೀಮ್–ನೂನ್ ಕಂಡರೆ ಅದು ‘ನಾನು’ ಆಗಿರಲಾರದು. ತಬ್ರೀಜಿನ ಮನ್ ಸುಮಾರು 3 ಕೆಜಿ, ಬ್ರಿಟಿಷ್ ಭಾರತದ ಪ್ರಮಾಣಿತ ಮಣ 40 ಸೇರು, ಅಂದರೆ ಸುಮಾರು 37.3 ಕೆಜಿ. ಯಾವ ಊರಿನ ಕಾಗದ ಎಂದು ನೋಡದೆ ಲೆಕ್ಕ ಹಾಕಿದರೆ ಉತ್ತರ ಹನ್ನೆರಡು ಪಟ್ಟು ತಪ್ಪುತ್ತದೆ.

ಮೀಮ್–ಅಲಿಫ್ ಕೂಡಿದ ‘ಮಾ’ ಇನ್ನೂ ಕಿಲಾಡಿ. ಇಲ್ಲಿ ಸ್ವರ ದೀರ್ಘ, ಬರಹದಲ್ಲೇ ಇದೆ, ಮೂರು ಭಾಷೆಯವರೂ ಹೆಚ್ಚುಕಡಿಮೆ ಒಂದೇ ರೀತಿ ಓದುತ್ತಾರೆ. ಆದರೂ ಅರಬ್ಬಿಯಲ್ಲಿ ‘ಏನು’, ‘ಯಾವುದು’, ಕೆಲವೆಡೆ ‘ಇಲ್ಲ’, ಫಾರಸಿಯಲ್ಲಿ ‘ನಾವು’, ಪಶ್ತೊದಲ್ಲಿ ‘ನನ್ನನ್ನು’. ‘ನಾನು ರೊಟ್ಟಿ ತಿಂದೆ’ ಎಂಬಂಥ ಭೂತಕಾಲದ ಸಕರ್ಮಕ ವಾಕ್ಯದಲ್ಲಿ ಪಶ್ತೊದ ‘ನಾನು’ ಸಹ ‘ಮಾ’ ಆಗುತ್ತದೆ. ಹಿಂದಿಯ ‘ಮೈನೇ’ ನೆನಪಿಸಿಕೊಳ್ಳಿ. ಹಾಗಾಗಿ ಸ್ವರದ ಗುರುತು ಹಾಕಿಬಿಟ್ಟರೆ ಗೊಂದಲವೆಲ್ಲ ತೀರುತ್ತದೆ ಎಂದುಕೊಳ್ಳಬೇಡಿ.

ಪ್ರಶ್ನೆ: ಒಂದು ಸಾಲು ಕಣ್ಣಿಗೆ ಬಿದ್ದರೆ ಅದು ಅರಬ್ಬಿಯೋ ಫಾರಸಿಯೋ ಉರ್ದುವೋ ಎಂದು, ಭಾಷೆ ಬಾರದವರು ಗುರುತಿಸುವುದು ಹೇಗೆ? (ವಿಜಯಪುರ)

ಉತ್ತರ: ಅಕ್ಷರದ ಶೈಲಿ ನೋಡಿ ತೀರ್ಮಾನಿಸಬೇಡಿ. ಇಳಿಜಾರಾಗಿ ತೂಗುವ ನಸ್ತಾಲೀಕ್ ಬರಹ ಕಂಡ ಕೂಡಲೇ ಉರ್ದು ಎನ್ನುವವರಿದ್ದಾರೆ. ಫಾರಸಿ ಕಾವ್ಯವನ್ನೂ ನಸ್ತಾಲೀಕಿನಲ್ಲಿ ಬರೆಯುತ್ತಾರೆ. ಅದೇ ಇರಾನಿನ ಪತ್ರಿಕೆ, ಪುಸ್ತಕ ಅಚ್ಚಾಗುವುದು ಅರಬ್ಬಿಯಂತೆ ನೇರವಾದ ನಸ್ಖ್‌ನಲ್ಲಿ.

ಮೊದಲು ಅಕ್ಷರ ಹುಡುಕಿ. ಅರಬ್ಬಿಗೆ 28 ಅಕ್ಷರ, ಫಾರಸಿಗೆ 32. ಹೆಚ್ಚಿನ ನಾಲ್ಕು ಪೇ (پ), ಚೇ (چ), ಝೇ (ژ), ಗಾಫ್ (گ). ಇವುಗಳಲ್ಲಿ ಒಂದು ಸಿಕ್ಕರೂ ಶುದ್ಧ ಅರಬ್ಬಿ ಅಲ್ಲವೆಂದು ಹೆಚ್ಚುಕಡಿಮೆ ಖಚಿತ. ಗೋಳಾಕಾರದ ಹೇ ತಲೆಯ ಮೇಲೆ ಎರಡು ಚುಕ್ಕಿ (ة) ಇದ್ದರೆ, ಪದಪದಕ್ಕೂ ಅಲಿಫ್–ಲಾಮ್ ಅಂಟಿಕೊಂಡಿದ್ದರೆ ಅರಬ್ಬಿ. ತೇ (ت), ದಾಲ್ (د), ರೇ (ر) ಮೇಲೆ ಪುಟ್ಟ ತೋಯ್ ಅಕ್ಷರ (ط) ಕೂತಿದ್ದರೆ ಉರ್ದು. ಅದೇ ಅಕ್ಷರಗಳಿಗೆ ಸಣ್ಣ ಉಂಗುರ ಅಂಟಿದ್ದರೆ ಪಶ್ತೊ. ಲಾಮ್ ಮೇಲೆ, ರೇ ಕೆಳಗೆ ಚಿಕ್ಕ ಗರಿಯಂಥ ಗುರುತಿದ್ದರೆ ಇರಾಕಿನ ಸೊರಾನಿ ಕುರ್ದಿ.

ಅಕ್ಷರದಿಂದ ಗೊತ್ತಾಗದಿದ್ದರೆ ಚಿಕ್ಕ ಪದಗಳನ್ನು ನೋಡಿ. ದೊಡ್ಡ ಪದಗಳನ್ನು ಭಾಷೆಗಳು ಸಾಲ ತರುತ್ತವೆ, ಚಿಕ್ಕವನ್ನು ಅಪರೂಪಕ್ಕೆ. ‘ಫೀ’, ‘ಇಲಾ’, ‘ಅಲಾ’, ‘ಹಾಜಾ’ ಬಂದರೆ ಅರಬ್ಬಿ. ‘ಅಜ್’, ‘ದರ್’, ‘ರಾ’, ‘ಅಸ್ತ್’ ಬಂದರೆ ಫಾರಸಿ. ಒಂಟಿ ದಾಲ್ ತಾನೇ ಒಂದು ಪದವಾಗಿ ನಿಂತಿದ್ದರೆ ಪಶ್ತೊ. ಅದು ‘ದ’, ನಮ್ಮ ಷಷ್ಠಿ ವಿಭಕ್ತಿಯ ಕೆಲಸ ಮಾಡುತ್ತದೆ. ಇಂಥ ಒಂಟಿ ದಾಲ್ ಅರಬ್ಬಿಯಲ್ಲೂ ಫಾರಸಿಯಲ್ಲೂ ಪದವಾಗಿ ಬರುವುದಿಲ್ಲ.

ಎರಡು ಎಚ್ಚರಿಕೆ. ಪದದ ಕೊನೆಯ ಯೇ ಕೆಳಗೆ ಎರಡು ಚುಕ್ಕಿ ಇದ್ದರೆ ಅರಬ್ಬಿ, ಇಲ್ಲದಿದ್ದರೆ ಫಾರಸಿ ಎಂಬ ಸೂತ್ರ ಈಜಿಪ್ಟಿನ ಅಚ್ಚಿನ ಮುಂದೆ ಸೋಲುತ್ತದೆ, ಅಲ್ಲಿ ಅರಬ್ಬಿಗೂ ಆ ಚುಕ್ಕಿ ಹಾಕುವುದಿಲ್ಲ. ಕಾಫ್ ನೋಡಿ ಹೇಳುವುದಾದರೆ ಪದದ ಕೊನೆಯ ಕಾಫ್ ನೋಡಿ: ಅರಬ್ಬಿಯದಾದರೆ ಹೊಟ್ಟೆಯೊಳಗೆ ಪುಟ್ಟ ಕೊಂಕಿರುತ್ತದೆ, ಫಾರಸಿಯದಾದರೆ ಮೇಲೆ ಓರೆ ಗೆರೆ. ಪದದ ಮೊದಲಲ್ಲೂ ನಡುವೆಯೂ ಎರಡೂ ಒಂದೇ ಥರ ಕಾಣುತ್ತವೆ.

ಬೀದರ್, ಕಲಬುರಗಿ, ವಿಜಯಪುರದ ಸ್ಮಾರಕಗಳ ಶಾಸನಗಳಲ್ಲಿ ಒಂದೇ ಫಲಕದಲ್ಲಿ ಅರಬ್ಬಿಯ ಕುರಾನ್ ವಾಕ್ಯ, ಅದರ ಕೆಳಗೆ ಫಾರಸಿಯಲ್ಲಿ ಕಟ್ಟಿಸಿದವರ ಹೆಸರು, ಕಾಲ ಇರುವುದುಂಟು. ಅಲ್ಲಿ ಫಲಕಕ್ಕೊಂದು ಭಾಷೆ ಎಂದುಕೊಳ್ಳದೆ ಸಾಲುಸಾಲಾಗಿ ತೀರ್ಮಾನಿಸಿ.

ಪ್ರಶ್ನೆ: ದುಬೈನಲ್ಲಿ ಕೆಲಸ. ಕಚೇರಿಯ ಅರಬ್ಬಿ ಕಾಗದ ಓದಬಲ್ಲೆ. ಇರಾನಿನಿಂದ ಬರುವ ಫಾರಸಿ ಪತ್ರಗಳಲ್ಲಿ ಅರ್ಧಕ್ಕರ್ಧ ಅರಬ್ಬಿ ಪದಗಳೇ ಕಾಣುತ್ತವೆ, ಅವನ್ನು ಹಿಡಿದು ಅಂದಾಜಿನಲ್ಲಿ ಓದುತ್ತೇನೆ. ಎಷ್ಟು ನಂಬಬಹುದು? (ಮಂಗಳೂರು ಮೂಲದ ಓದುಗರು)

ಉತ್ತರ: ವಿಷಯ ಯಾವುದೆಂದು ತಿಳಿಯುವಷ್ಟು ನಂಬಿ, ಸಹಿ ಹಾಕುವಷ್ಟು ಖಂಡಿತ ನಂಬಬೇಡಿ. ಮೊದಲ ಪ್ರಶ್ನೆಯ ‘ಮನ್’, ‘ಮಿನ್’ ಬರಿಯ ಕಾಕತಾಳೀಯ, ಒಮ್ಮೆ ತಿಳಿದರೆ ಮತ್ತೆ ಮೋಸಹೋಗುವುದಿಲ್ಲ. ನಿಮಗೆ ಎದುರಾಗಿರುವುದು ಅದಕ್ಕಿಂತ ಕಷ್ಟದ್ದು. ಪದ ನಿಜಕ್ಕೂ ಅರಬ್ಬಿಯದೇ, ಧಾತುವೂ ಅದೇ, ಆದರೆ ಫಾರಸಿಗೆ ಹೋಗಿ ನೂರಾರು ವರ್ಷ ಬೇರೆ ಸಂಸಾರ ಮಾಡಿದೆ. ಅರ್ಥ ಹೊಂದುವಂತೆಯೇ ಕಾಣುವುದರಿಂದ ಅನುಮಾನ ಏಳುವುದಿಲ್ಲ.

‘ಮುಖಾಬರಾತ್’ ತೆಗೆದುಕೊಳ್ಳಿ. ಎರಡೂ ಭಾಷೆಯಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ. ‘ಖಬರ್’ ಇರುವ ಧಾತು, ಮೂಲಾರ್ಥ ಸುದ್ದಿಯ ವಿನಿಮಯ. ಅರಬ್ಬಿಯಲ್ಲಿ ಅದು ಗುಪ್ತಚರ ಇಲಾಖೆ, ಫಾರಸಿಯಲ್ಲಿ ದೂರಸಂಪರ್ಕ. ಇರಾನಿನ ಟೆಲಿಫೋನ್ ಕಂಪನಿಯ ಹೆಸರಿನಲ್ಲೇ ಈ ಪದವಿದೆ. ಅವರು ಕಳಿಸಿದ ಬಿಲ್ಲನ್ನು ಅರಬ್ಬಿ ಕಣ್ಣಿನಿಂದ ಓದಿದರೆ ಎದೆ ಧಸಕ್ಕೆನ್ನುತ್ತದೆ.

ಇನ್ನು ‘ಜಾಮಿಅ’, ‘ಮುಜ್ತಮಅ’ ಜೋಡಿ. ಎರಡರ ಧಾತು ‘ಜಮಾ’ ಆಗುವುದೇ. ಅರಬ್ಬಿಯಲ್ಲಿ ಜಾಮಿಅ ವಿಶ್ವವಿದ್ಯಾಲಯ, ಮುಜ್ತಮಅ ಸಮಾಜ. ಫಾರಸಿಯಲ್ಲಿ ಸಮಾಜಕ್ಕೆ ‘ಜಾಮೆಎ’ ಎನ್ನುತ್ತಾರೆ. ‘ಮೊಜ್ತಮೆ’ ಎಂದರೆ ವಸತಿ ಸಮುಚ್ಚಯ, ವಾಣಿಜ್ಯ ಸಂಕೀರ್ಣ. ವಿಶ್ವವಿದ್ಯಾಲಯಕ್ಕೆ ಅವರದೇ ಪದ ‘ದಾನೆಶ್‌ಗಾಹ್’. ಒಂದೊಂದಾಗಿ ಕಲಿತರೆ ತಲೆಯಲ್ಲಿ ನಿಲ್ಲವು, ಜೋಡಿಯಾಗಿಯೇ ಕಲಿಯಿರಿ.

‘ಇನ್‌ಕಿಲಾಬ್’ ನಮಗೆಲ್ಲ ಗೊತ್ತು, ಫಾರಸಿ ಮತ್ತು ಉರ್ದುವಿನ ಅರ್ಥದಲ್ಲಿ: ಕ್ರಾಂತಿ. ಇಂದಿನ ಅರಬ್ಬಿ ಪತ್ರಿಕೆಯ ಶೀರ್ಷಿಕೆಯಲ್ಲಿ ಅದೇ ಪದ ಕಂಡರೆ ಸೇನೆ ಅಧಿಕಾರ ಕಿತ್ತುಕೊಂಡಿತು ಎಂದು ಓದಬೇಕು. ಅರಬ್ಬಿಯಲ್ಲಿ ಕ್ರಾಂತಿಗೆ ‘ಸೌರ’ ಎಂಬ ಬೇರೆ ಪದವಿದೆ, 1979ರ ಇರಾನ್ ಕ್ರಾಂತಿಯನ್ನೂ ಹಾಗೆಯೇ ಕರೆಯುತ್ತಾರೆ. ಫಾರಸಿಯವರು ಸೇನಾದಂಗೆಗೆ ಫ್ರೆಂಚಿನಿಂದ ‘ಕೂದೆತಾ’ ತಂದುಕೊಂಡಿದ್ದಾರೆ. ಇಲ್ಲಿ ತಪ್ಪು ಅನುವಾದ ಮಾಡಿದರೆ ಹೊಗಳಿಕೆ ಬೈಗುಳವಾಗುತ್ತದೆ.

ವ್ಯವಹಾರದಲ್ಲಿ ಕಾಲಿಗೆ ತೊಡರುವ ಇನ್ನಷ್ಟು ಪದಗಳಿವೆ. ‘ತಹ್ಸೀಲ್’ ಅರಬ್ಬಿಯಲ್ಲಿ ಹಣ ವಸೂಲಿ, ಫಾರಸಿಯಲ್ಲಿ ವಿದ್ಯಾಭ್ಯಾಸ. ನಮ್ಮ ತಹಸೀಲ್ದಾರರ ಹೆಸರಿನಲ್ಲಿರುವುದು ಮೊದಲನೆಯದು. ‘ಕರಾರ್’ ಅರಬ್ಬಿಯಲ್ಲಿ ನಿರ್ಧಾರ, ಆಡಳಿತದ ಆದೇಶ. ಫಾರಸಿಯಲ್ಲಿ ಭೇಟಿಯ ಏರ್ಪಾಡು, ಒಪ್ಪಿಕೊಂಡ ಮಾತು. ‘ತಅತೀಲ್’ ಅರಬ್ಬಿಯಲ್ಲಿ ಕೆಲಸ ಕೆಡಿಸುವುದು, ಸ್ಥಗಿತಗೊಳಿಸುವುದು. ಫಾರಸಿಯಲ್ಲಿ ರಜೆ, ಅಂಗಡಿ ಬಾಗಿಲಿಗೆ ತೂಗುಹಾಕುವ ‘ಮುಚ್ಚಿದೆ’ ಫಲಕ. ‘ಮುಜಖ್ರಫ್’ ಅರಬ್ಬಿಯಲ್ಲಿ ಅಲಂಕೃತ, ಫಾರಸಿಯಲ್ಲಿ ಕೆಲಸಕ್ಕೆ ಬಾರದ್ದು, ಹರಟೆ. ಮೆಚ್ಚುಗೆ ಎಂದುಕೊಂಡು ಬಳಸೀರಿ, ಜೋಕೆ. ‘ಅಕ್ಸ್’ ಅರಬ್ಬಿಯಲ್ಲಿ ತದ್ವಿರುದ್ಧ, ಫಾರಸಿಯಲ್ಲಿ ಫೋಟೊ. ‘ಹೌಸಲ’ ಅರಬ್ಬಿಯಲ್ಲಿ ಹಕ್ಕಿಯ ಕೊರಳಿನ ಕಾಳಿನ ಚೀಲ, ಫಾರಸಿಯಲ್ಲಿ ತಾಳ್ಮೆ, ಉರ್ದುವಿಗೆ ಬರುವಷ್ಟರಲ್ಲಿ ಧೈರ್ಯ.

ವಿದ್ಯುತ್ತಿನ ವಿಷಯವಂತೂ ವಿನೋದ. ಫಾರಸಿಯವರು ಅರಬ್ಬಿಯ ‘ಬರ್ಕ್’, ಅಂದರೆ ಮಿಂಚು, ತೆಗೆದುಕೊಂಡು ಕರೆಂಟಿಗೆ ಇಟ್ಟರು. ಅರಬ್ಬಿಯವರು ‘ಕಹ್‌ರಬಾ’ ಎನ್ನುತ್ತಾರೆ; ಅದರ ಮೂಲ ಫಾರಸಿಯ ‘ಕಾಹ್–ರುಬಾ’, ಹುಲ್ಲುಕಡ್ಡಿ ಸೆಳೆಯುವಂಥದ್ದು, ಅಂದರೆ ಅಂಬರ್ ಎಂಬ ರಾಳದ ಹರಳು. ಉಜ್ಜಿದ ಅಂಬರ್ ಕಡ್ಡಿಯನ್ನು ಎಳೆಯುತ್ತದಲ್ಲ, ಅದು. ಒಬ್ಬರ ಪದ ಇನ್ನೊಬ್ಬರ ಮನೆಯಲ್ಲಿ ದೀಪ ಹಚ್ಚಿದೆ.

ಕೊನೆಯಲ್ಲಿ ಎರಡು ಚುಕ್ಕಿಯ ಗೋಳ ಹೇ ಇರುವ ಅರಬ್ಬಿ ಪದ ಫಾರಸಿಗೆ ಬಂದಾಗ ಚುಕ್ಕಿ ಕಳೆದುಕೊಂಡು ಬರಿ ಹೇ ಆಗುತ್ತದೆ, ಇಲ್ಲವೇ ಉದ್ದನೆಯ ತೇ ಆಗುತ್ತದೆ. ಕೆಲವೊಮ್ಮೆ ಎರಡೂ ಆಗಿ, ಅರ್ಥವೂ ಕವಲೊಡೆಯುತ್ತದೆ: ಅರಬ್ಬಿಯ ಒಂದೇ ‘ಇರಾದ’ ಫಾರಸಿಯಲ್ಲಿ ಸಂಕಲ್ಪವೆಂಬ ‘ಎರಾದೆ’ಯೂ ಹೌದು, ಭಕ್ತಿಗೌರವವೆಂಬ ‘ಎರಾದತ್’ ಸಹ ಹೌದು. ಕನ್ನಡದ ‘ಇರಾದೆ’ ಮೊದಲನೆಯದರ ಸಂತಾನ. ಆ ಚುಕ್ಕಿಯನ್ನು ಕಡೆಗಣಿಸಿ ಓದಿದರೆ ಅರಬ್ಬಿಯ ‘ಉಮ್ಲ’ (ಕರೆನ್ಸಿ) ಮತ್ತು ಫಾರಸಿಯ ‘ಅಮಲೆ’ (ಕೂಲಿಯಾಳು) ಒಂದೇ ಆಗಿಬಿಡುತ್ತವೆ. ಬ್ಯಾಂಕ್ ಕಾಗದದಲ್ಲಿ ಇದು ಸಣ್ಣ ಎಡವಟ್ಟಲ್ಲ.

ಪ್ರಶ್ನೆ: ಫಾರಸಿಯಲ್ಲಿ ‘ಶೀರ್’ ಎಂದರೆ ಹಾಲು, ಸಿಂಹ, ನಲ್ಲಿ ಮೂರೂ ಅಂತೆ. ಅವರಿಗೇ ಗೊಂದಲವಾಗುವುದಿಲ್ಲವೇ? (ಬೆಂಗಳೂರು)

ಉತ್ತರ: ಹಾಲು, ಸಿಂಹ ಎರಡನ್ನೂ ಒಂದೇ ರೀತಿ ಉಚ್ಚರಿಸುವುದು ಈಗಿನ ಇರಾನಿನಲ್ಲಿ. ಮೊದಲು ಹಾಲು ‘ಶೀರ್’, ಸಿಂಹ ‘ಶೇರ್’ ಆಗಿತ್ತು. ಯೇ ಅಕ್ಷರ ಈ, ಏ ಎರಡಕ್ಕೂ ನಿಲ್ಲುವುದರಿಂದ ಬರಹ ಮಾತ್ರ ಒಂದಾಗಿತ್ತು. ಕೇಳಲು ಬೇರೆಯಾದ ಎರಡು ಪದ ಬರೆದಾಗ ಒಂದಾಗುವ ಸಂಗತಿಯನ್ನು 13ನೇ ಶತಮಾನದ ಫಾರಸಿ ಕವಿ ರೂಮಿ ತನ್ನ ‘ಮಸ್ನವಿ’ ಕಾವ್ಯದಲ್ಲಿ ದೃಷ್ಟಾಂತವಾಗಿ ಬಳಸಿದ್ದಾನೆ. ಆಮೇಲೆ ಇರಾನಿನಲ್ಲಿ ಏಕಾರ ಈಕಾರದಲ್ಲಿ ಕರಗಿತು. ಅಫ್ಘಾನಿಸ್ತಾನದ ಫಾರಸಿಯಾದ ದರಿಯಲ್ಲಿ ಭೇದ ಉಳಿದಿದೆ. ತಾಜಿಕಿಸ್ತಾನದಲ್ಲಿ ಸಿರಿಲಿಕ್ ಲಿಪಿ ಬಂದದ್ದರಿಂದ ಬರಹದಲ್ಲೂ ಎರಡು ಬೇರೆ. ಭಾರತಕ್ಕೆ ಬಂದ ಫಾರಸಿಯಲ್ಲಿ ಏಕಾರ ಇನ್ನೂ ಜೀವಂತವಿತ್ತು, ಅದಕ್ಕೇ ನಮ್ಮ ದಖ್ಖನಿ ಮನೆಗಳಲ್ಲಿ ಹುಲಿಸಿಂಹಕ್ಕೆ ‘ಶೇರ್’, ರಂಜಾನ್ ಹಬ್ಬದ ಹಾಲಿನ ಪಾಯಸಕ್ಕೆ ‘ಶೀರ್ ಖುರ್ಮಾ’.

ಇಂಥವು ಬೇರೆಯೂ ಇವೆ. ಮೀಮ್–ರೇ–ದಾಲ್ ‘ಮರ್ದ್’ ಆದರೆ ಗಂಡಸು, ‘ಮೊರ್ದ್’ ಆದರೆ ಸತ್ತ. ಕಾಫ್–ರೇ–ಮೀಮ್ ‘ಕರಮ್’ ಆದರೆ ಔದಾರ್ಯ, ‘ಕೆರ್ಮ್’ ಆದರೆ ಹುಳು, ‘ಕೆರೆಮ್’ ಆದರೆ ಮುಖಕ್ಕೆ ಹಚ್ಚುವ ಕ್ರೀಮ್. ಕಾಫ್–ರೇ–ದಾಲ್ ‘ಕರ್ದ್’ ಆದರೆ ಮಾಡಿದ, ‘ಕೊರ್ದ್’ ಆದರೆ ಕುರ್ದಿ ಜನ. ಕುರ್ದಿಗಳು ತಮ್ಮ ಹೆಸರನ್ನು ನಡುವೆ ವಾವ್ ಹಾಕಿ ‘ಕುರ್ದ್’ ಎಂದು ಬಿಡಿಸಿ ಬರೆಯುತ್ತಾರೆ. ವಾವ್ ಇಲ್ಲದ್ದು ಸೊರಾನಿಯಲ್ಲಿ ‘ಕಿರ್ದ್’, ಮಾಡಿದ. ಸ್ವರಗಳನ್ನು ಬಹುಪಾಲು ಬರೆದೇಬಿಡುವ ಪದ್ಧತಿ ಅವರದು, ಹೊಸದಾಗಿ ಕಲಿಯುವವರಿಗೆ ಸುಲಭ.

ಪ್ರಶ್ನೆ: ಕನ್ನಡದಲ್ಲಿರುವ ಜಿಲ್ಲೆ, ತಕರಾರು, ದೌಲತ್ತು ಮುಂತಾದವುಗಳ ಅರ್ಥ ಹಿಡಿದು ಅರಬ್ಬಿ ನಿಘಂಟು ನೋಡಬಹುದೇ? (ಧಾರವಾಡ)

ಉತ್ತರ: ನೋಡಬಹುದು, ಆದರೆ ಅಲ್ಲಿ ಸಿಗುವ ಅರ್ಥಕ್ಕೆ ಬೆಚ್ಚಬೇಡಿ. ಜಿಲ್ಲೆಯ ಮೂಲಪದಕ್ಕೆ ಅರಬ್ಬಿಯಲ್ಲಿ ಪಕ್ಕೆಲುಬು, ಪಕ್ಕ ಎಂದರ್ಥ. ತಕರಾರಿನ ಮೂಲಕ್ಕೆ ಪುನರಾವರ್ತನೆ. ಇರಾನಿನಲ್ಲಿ ಇಂದಿಗೂ ಅಷ್ಟೇ, ಜಗಳದ ಬಣ್ಣ ಹತ್ತಿದ್ದು ಈ ಕಡೆ. ದೌಲತ್ತು ಅರಬ್ಬಿಯಲ್ಲಿ ರಾಷ್ಟ್ರ, ಫಾರಸಿಯಲ್ಲಿ ಸರ್ಕಾರ, ಉರ್ದುವಿನಲ್ಲಿ ಸಂಪತ್ತು, ನಮ್ಮಲ್ಲಿ ಆ ಮೂರೂ ಇದ್ದವರ ದರ್ಪ.

ಹುಡುಕುವಾಗ ಕಷ್ಟ ಕಾಗುಣಿತದ್ದು. ನಮ್ಮ ಒಂದು ‘ಜ’ದ ಹಿಂದೆ ಐದು ಅಕ್ಷರ ಅಡಗಿರಬಹುದು: ಜಿಲ್ಲೆಗೆ ಜ್ವಾದ್, ಜಮೀನಿಗೆ ಜೇ, ಜಾಹೀರಿಗೆ ಜೋಯ್, ಜವಾಬಿಗೆ ಜೀಮ್, ಇವಲ್ಲದೆ ಜಾಲ್. ‘ಸ’ದ ಹಿಂದೆ ಮೂರು. ‘ಕ’ದ ಹಿಂದೆ ಕಾಫ್ ಎರಡು ಬಗೆ: ಕರಾರಿನದು ಗಂಟಲಾಳದ ಖಾಫ್, ತಕರಾರಿನದು ಸಾದಾ ಕಾಫ್. ಕನ್ನಡದಲ್ಲಿ ಅಣ್ಣತಮ್ಮಂದಿರಂತೆ ಕಾಣುವ ಈ ಎರಡಕ್ಕೂ ಧಾತು ಬೇರೆ ಬೇರೆ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಫಾರಸಿ ಪದ ಹುಡುಕಿದರೆ, ಕಣ್ಣೆದುರೇ ಇದ್ದರೂ ‘ಸಿಗಲಿಲ್ಲ’ ಎನ್ನುತ್ತದೆ. ಯಾಕೆ? (ಮೈಸೂರು)

ಉತ್ತರ: ನೋಡಲು ಒಂದೇ ಆದ ಅಕ್ಷರಕ್ಕೆ ಯೂನಿಕೋಡ್ ಸಂಖ್ಯೆ, ಅಂದರೆ ಕಂಪ್ಯೂಟರು ಅಕ್ಷರವನ್ನು ಗುರುತಿಸುವ ಸಂಖ್ಯೆ, ಬೇರೆ. ದಶಮಾನದಲ್ಲಿ ಹೇಳುವುದಾದರೆ ಅರಬ್ಬಿ ಕಾಫ್ 1603, ಫಾರಸಿಯದು 1705. ಅರಬ್ಬಿ ಯೇ 1610, ಫಾರಸಿಯದು 1740. ಅರಬ್ಬಿ ಕೀಲಿಮಣೆಯಲ್ಲಿ ಒತ್ತಿದ ಕಾಫ್, ಫಾರಸಿ ಕಡತದ ಕಾಫ್ ಜತೆ ಹೊಂದದು. ಸೊರಾನಿಯಲ್ಲಿ ಸ್ವರವಾಗಿ ಬರುವ ಹೇ 1749, ಸಾಮಾನ್ಯ ಹೇ 1607. ಫಾರಸಿಯ ‘ಮೀ’ ಉಪಸರ್ಗ ಮತ್ತು ಕ್ರಿಯಾಪದದ ನಡುವೆ ಕಣ್ಣಿಗೆ ಕಾಣದ 8204 ಸಂಖ್ಯೆಯ ಚಿಹ್ನೆ ಇರುತ್ತದೆ; ನೀವು ಜಾಗ ಬಿಟ್ಟು ಹುಡುಕಿದರೂ ಸಿಗದು, ಬಿಡದೆ ಹುಡುಕಿದರೂ ಸಿಗದು.

ಮೊದಲು ಕಡತದ ಒಂದು ಪ್ರತಿ ಮಾಡಿಟ್ಟುಕೊಳ್ಳಿ. ಆ ಪ್ರತಿಯಲ್ಲಿ ‘ಹುಡುಕಿ ಬದಲಿಸು’ ಬಳಸಿ 1603 ಇದ್ದಲ್ಲೆಲ್ಲ 1705, 1610 ಇದ್ದಲ್ಲೆಲ್ಲ 1740 ಮಾಡಿ. ಅರಬ್ಬಿ, ಫಾರಸಿ ಎರಡೂ ಬೆರೆತ ಕಡತವಾದರೆ ಮೂಲವನ್ನು ಮುಟ್ಟಲೇಬೇಡಿ, ಹುಡುಕಾಟಕ್ಕೆಂದೇ ಈ ಪ್ರತಿ ಇರಲಿ. ಯಂತ್ರಾನುವಾದಕ್ಕೆ ಒಂಟಿ ಪದ ಕೊಡುವುದಾದರೆ ಭಾಷೆಯನ್ನು ನೀವೇ ಆರಿಸಿ. ಅದಕ್ಕೇ ಬಿಟ್ಟರೆ ಮೀಮ್–ನೂನ್ ಎರಡೇ ಅಕ್ಷರ ನೋಡಿ ಅದೂ ಊಹೆಯನ್ನೇ ಮಾಡಬೇಕು.

ಅಂಕಿಗಳಿಗೂ ಎರಡು ಗುಂಪು: ಅರಬ್ಬಿಯವು 1632ರಿಂದ 1641, ಫಾರಸಿ–ಉರ್ದುವಿನವು 1776ರಿಂದ 1785. ನೋಟದಲ್ಲಿ ಎದ್ದು ಬೇರೆಯಾಗುವುದು 4, 5, 6. ಉಳಿದವು ಹೆಚ್ಚುಕಡಿಮೆ ಒಂದೇ. ಹಾಗಾಗಿ 1, 2, 3 ಮಾತ್ರ ಇರುವ ದಿನಾಂಕ ಯಾವ ಗುಂಪಿನದು ಎಂದು ಕಣ್ಣಳತೆಯಲ್ಲಿ ಹೇಳಲಾಗುವುದಿಲ್ಲ. ಅಕ್ಷರದ ಸಂಖ್ಯೆ ತೋರಿಸುವ ಯಾವುದಾದರೂ ಸಲಕರಣೆಗೆ ಅಂಟಿಸಿ ನೋಡಿ.